ಠಾಣೆಯ ಪುಸ್ತಕದಲ್ಲಿದ್ದ ಹೆಸರು

ಹೆಬ್ಬಾಳದ ಕಡೆ ಹೊಸದಾಗಿ ಎದ್ದಿದ್ದ ಒಂದು ಕಂಪ್ಯೂಟರ್ ಕಂಪನಿಗೆ ಬಸ್ ಚಾಲಕರು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ನನ್ನ ಯಜಮಾನರೇ ತಂದರು. 2006ನೆಯ ಇಸವಿ ಇರಬೇಕು. ಆಗ ಅವರು ಅದೇ ಹೆಬ್ಬಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಟೆಂಪೋ ಓಡಿಸುತ್ತಿದ್ದರು. ಭಾರಿ ವಾಹನದ ಲೈಸೆನ್ಸ್ ಮಾಡಿಸಿ ಒಂಬತ್ತು ವರ್ಷವಾಗಿದ್ದರೂ ದೊಡ್ಡ ಬಸ್ಸಿನ ಸ್ಟಿಯರಿಂಗ್ ಹಿಡಿಯುವ ಯೋಗ ಕೂಡಿ ಬಂದಿರಲಿಲ್ಲ. ಅರ್ಜಿ ನಾಲ್ಕು ಪುಟದ್ದು. ಭಾನುವಾರ ಬೆಳಿಗ್ಗೆ ರಾಜೀವನಗರದ ನಮ್ಮ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಕೂತು, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದು ತುಂಬಿದರು. ನಾನು ಅವರೆಕಾಳು ಹಿಸುಕುತ್ತಾ ನೋಡುತ್ತಿದ್ದೆ. ಮೂರನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

ಸ್ವಲ್ಪ ಹೊತ್ತಾದ ಮೇಲೆ ಅವರು ಹಾಳೆಗಳನ್ನು ಮಡಿಸಿ ಗೋಡೆಗೂಡಿನಲ್ಲಿಟ್ಟರು.

"ಮುಗೀತಾ?" ಅಂದೆ.

"ಬುಡು, ಅದು ನಮ್ಮಂಥೋರಿಗಲ್ಲ," ಅಂದರು.

ಅವರು ಸ್ನಾನಕ್ಕೆ ಹೋದಾಗ ತೆಗೆದು ನೋಡಿದೆ. ಮೂರನೆಯ ಪುಟದ ಒಂದು ಕಲಮಿನವರೆಗೆ ಎಲ್ಲ ತುಂಬಿತ್ತು. ಖಾಲಿ ಬಿಟ್ಟಿದ್ದ ಕಲಮಿನಲ್ಲಿ, ಅರ್ಜಿದಾರರನ್ನು ಯಾವಾಗಲಾದರೂ ಪೊಲೀಸರು ಬಂಧಿಸಿದ್ದಾರೆಯೇ, ಅವರ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಇದೆಯೇ, ವಿವರ ಕೊಡಿ ಎಂದಿತ್ತು.

ಅವರು ಯಾಕೆ ನಿಲ್ಲಿಸಿದರು ಎಂದು ನನಗೆ ಆ ಕ್ಷಣವೇ ತಿಳಿಯಿತು. 1994ರಲ್ಲಿ, ನಮ್ಮ ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ಅವರಿದ್ದ ಹಳೆಯ ಕಾರ್ಖಾನೆಯ ಗೇಟಿನ ಮುಂದೆ ಕೆಲಸಗಾರರು ಮುಷ್ಕರ ಕೂತಿದ್ದರು. ಎರಡನೆಯ ದಿನ ಪೊಲೀಸ್ ವ್ಯಾನು ಬಂದು ಹತ್ತು ಜನರನ್ನು ತುಂಬಿಕೊಂಡು ಹೋಯಿತು. ಅದರಲ್ಲಿ ಇವರೂ ಒಬ್ಬರು. ಕಲ್ಲು ಹೊಡೆದವರಲ್ಲ, ಕೂಗಿದವರೂ ಅಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದರು, ಅಷ್ಟೇ. ಮಾರನೆಯ ದಿನ ಯಾವುದೋ ಅಧಿಕಾರಿಯ ಮುಂದೆ ನಿಲ್ಲಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿದರು. ಕಾಗದದಲ್ಲಿ ಏನಿತ್ತು ಎಂದು ಇವರು ಓದಲಿಲ್ಲ. ಓದಿ ನೋಡಿ ಎಂದು ಯಾರೂ ಹೇಳಲೂ ಇಲ್ಲ.

ಮನೆಗೆ ಬಂದವರು ಒಂದೇ ಮಾತು ಹೇಳಿದ್ದರು. "ನನ್ನ ಹೆಸರು ಠಾಣೆ ಪುಸ್ತಕಕ್ಕೆ ಏರ್ಬುಡ್ತು ಕಣೇ."

ಆಮೇಲೆ ಹನ್ನೆರಡು ವರ್ಷ ಅದರ ಬಗ್ಗೆ ಮಾತಿಲ್ಲ. ಆದರೆ ಅದು ಮನೆಯಲ್ಲಿ ನಮ್ಮ ಜೊತೆಯೇ ಇತ್ತು. ಮಾರುಕಟ್ಟೆಗೆ ಹೋಗುವಾಗ ಠಾಣೆ ಇರುವ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಲೈಸೆನ್ಸ್ ಬಂದ ವರ್ಷ ಸರ್ಕಾರಿ ಬಸ್ಸಿಗೆ ಚಾಲಕರನ್ನು ತೆಗೆದುಕೊಳ್ಳುತ್ತಾರೆ ಎಂದಾಗ ಅರ್ಜಿ ತಂದು ಹಾಗೆಯೇ ಇಟ್ಟರು. ದುಬೈಗೆ ಹೋಗಿದ್ದ ಗೆಳೆಯರೊಬ್ಬರು ಪಾಸ್‌ಪೋರ್ಟ್ ಮಾಡಿಸು ಎಂದಾಗ ಬೆನ್ನುನೋವಿನ ನೆಪ ಹೇಳಿದರು. ಇವರಿಗೆ ಬೆನ್ನುನೋವು ಇರಲೇ ಇಲ್ಲ.

ಇದರಲ್ಲಿ ನನ್ನದೂ ತಪ್ಪಿದೆ. ಯಾಕೆಂದರೆ ಆ ಹನ್ನೆರಡು ವರ್ಷದಲ್ಲಿ ಹತ್ತು ವರ್ಷ ನಾನು ಕೆಲಸ ಮಾಡಿದ್ದು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ. ಮೊದಲು ಕನ್ನಡ ಟೈಪ್‌ರೈಟರ್, ನಡುವೆ ಕಾರ್ಬನ್ ಹಾಳೆ, ಬೆರಳೆಲ್ಲ ನೀಲಿ; ಆಮೇಲೆ ಕಂಪ್ಯೂಟರ್ ಬಂತು. ಪ್ರಮಾಣಪತ್ರ, ಜಾಮೀನು ಅರ್ಜಿ, ನಕಲು ಅರ್ಜಿ, ದಿನಕ್ಕೆ ಮೂವತ್ತಾದರೂ ಬೆರಳಿನ ಕೆಳಗೆ ಹಾದುಹೋಗುತ್ತಿದ್ದವು. ಒಂದಕ್ಷರ ತಪ್ಪದೆ ಹೊಡೆಯುತ್ತಿದ್ದೆ. ಹೊಡೆದದ್ದೇನು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಸೋಮವಾರ ಅಂಗಡಿಗೆ ಹೋದವಳು ಬ್ಯಾಗು ಇಡುವ ಮೊದಲೇ ಕೇಳಿದೆ. ಅಂಗಡಿಯ ಯಜಮಾನರು ಕೋರ್ಟಿನಲ್ಲೇ ಶಿರಸ್ತೇದಾರರಾಗಿ, ಅಂದರೆ ಕಡತಗಳನ್ನೂ ಗುಮಾಸ್ತರನ್ನೂ ನೋಡಿಕೊಳ್ಳುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ಹಣೆ ತುಂಬ ವಿಭೂತಿ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಬಹಳ ಚುರುಕು.

"ಸಾರ್, ಒಂದ್ಸಲ ಪೊಲೀಸ್ರು ಹಿಡ್ಕೊಂಡು ಹೋಗಿ ಸೈನ್ ಹಾಕಿಸ್ಕೊಂಡು ಬಿಟ್ರೆ, ಅದು ಕೇಸಾ?"

"ಯಾರಿಗೆ?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಫ್‌ಐಆರ್ ಆಗಿತ್ತಾ? ಸಮನ್ಸ್ ಬಂತಾ? ಒಂದು ದಿನಾನಾದ್ರೂ ಈ ಕೋರ್ಟ್ ಮೆಟ್ಲು ಹತ್ತಿದ್ರಾ?"

"ಇಲ್ಲ ಸಾರ್. ಸೈನ್ ಹಾಕಿದ್ದು ಒಂದೇ."

"ಹಾಗಾದ್ರೆ ಅದು ಮುಚ್ಚಳಿಕೆ ಇರ್ಬೇಕು ಕಣಮ್ಮ. ಇನ್ನು ಇಷ್ಟು ದಿನ ಗಲಾಟೆ ಮಾಡಲ್ಲ ಅಂತ ಬರ್ಕೊಡೋದು. ಹೆಚ್ಚು ಅಂದ್ರೆ ಒಂದು ವರ್ಷದ್ದು. ವರ್ಷ ಮುಗೀತು, ಅದೂ ಮುಗೀತು. ಹಿಡಿಯೋದು ಬೇರೆ, ಕೇಸ್ ಹಾಕೋದು ಬೇರೆ, ಶಿಕ್ಷೆ ಆಗೋದು ಬೇರೆ. ನಮ್ ಜನ ಮೂರನ್ನೂ ಒಂದೇ ಅಂತ ತಿಳ್ಕೊಂಡು ಜೀವಮಾನ ಎಲ್ಲಾ ತಲೆ ತಗ್ಗಿಸ್ಕೊಂಡು ಓಡಾಡ್ತಾರೆ."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹನ್ನೆರಡು ವರ್ಷ. ಒಂದು ವರ್ಷದ ಕಾಗದಕ್ಕೆ ಹನ್ನೆರಡು ವರ್ಷ.

"ಹಾಗಂತ ನಾನು ಹೇಳಿದ್ರೆ ಆಗಲ್ಲ," ಎಂದು ಅವರು ಸೇರಿಸಿದರು. "ಪುಸ್ತಕದಲ್ಲಿ ಏನಿದೆ ಅಂತ ಅವರನ್ನೇ ಕೇಳು. ಈಗ ಮಾಹಿತಿ ಹಕ್ಕು ಬಂದಿದೆಯಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಕೊಟ್ರೆ ಮೂವತ್ತು ದಿನದಲ್ಲಿ ಉತ್ತರ ಕೊಡ್ಲೇಬೇಕು. ಯಾಕೆ ಬೇಕು ಅಂತ ಕೇಳೋ ಹಾಗೇ ಇಲ್ಲ."

ಆ ವಾರವಿಡೀ ನನಗೆ ಜ್ವರ ಬಂದವರ ಹಾಗಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಶಿರಸ್ತೇದಾರರ ಕಪಾಟಿನಿಂದ ರಟ್ಟು ಹರಿದ ಕಾನೂನಿನ ಪುಸ್ತಕ ತೆಗೆದು ಓದುತ್ತಿದ್ದೆ. ಬಂಧಿಸುವಾಗ ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹೆಂಗಸರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಅವರಿರುವಲ್ಲಿಗೆ ಬರಬೇಕು. ಸಾವಿರ ಸಲ ಟೈಪ್ ಮಾಡಿದ ಪದಗಳೇ ಇವು. ಈಗ ಒಂದೊಂದೂ ಯಾರೋ ನನ್ನನ್ನೇ ಕರೆದು ಹೇಳಿದ ಹಾಗೆ ಕಾಣಿಸುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಒಂದು ದಿನ ಹೇಳಿಯೂ ಬಿಟ್ಟೆ. ತರಕಾರಿ ಚೀಲ ಹಿಡಿದಿದ್ದ ಆ ಅಜ್ಜಿ, "ನಂಗ್ಯಾಕಮ್ಮ ಪೊಲೀಸ್ರ ಸಾವಾಸ," ಎಂದು ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲೂ ಅಷ್ಟೇ. ಊಟ ಬಡಿಸುತ್ತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಯಜಮಾನರು ಮುದ್ದೆ ಮುರಿಯುತ್ತಾ ಕೇಳಿದರು.

"ಅವೆಲ್ಲಾ ಪುಸ್ತಕದಲ್ಲಿ ಇರ್ತವೆ ಕಣೇ. ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ? ಈಗ ಮರ್ತಿರೋರಿಗೆ ನಾವೇ ಹೋಗಿ ನೆನಪು ಮಾಡ್ಕೊಟ್ಟ ಹಾಗಾಗುತ್ತೆ."

"ಮರ್ತಿದ್ದಾರೋ ಇಲ್ವೋ ಗೊತ್ತಿಲ್ಲದೇನೇ ಅಲ್ವೇನ್ರೀ ನೀವು ಇಷ್ಟು ವರ್ಷ ಹೆದರಿದ್ದು? ಗೊತ್ತಾಗ್ಬುಡ್ಲಿ."

"ಕೆಟ್ಟದ್ದೇ ಇದ್ರೆ?"

"ಇದ್ರೆ ಅದಕ್ಕೊಂದು ಅರ್ಜಿ ಇರುತ್ತೆ. ನಾನೇ ಟೈಪ್ ಮಾಡ್ತೀನಿ."

ಅವರಿಗೆ ನಗು ಬಂತು. ನಕ್ಕರೆ ಅರ್ಧ ಒಪ್ಪಿದ ಹಾಗೆ ಎಂದು ನನಗೆ ಗೊತ್ತಿತ್ತು. ಎರಡು ದಿನ ಬಿಟ್ಟು ಅರ್ಜಿಗೆ ಸಹಿ ಹಾಕಿದರು. ಸಹಿಯ ಕೊನೆಯ ಗೆರೆ ಹಾಳೆಯ ಅಂಚಿನವರೆಗೂ ಹೋಯಿತು.

ಅರ್ಜಿ ಕೊಡಲು ಪೊಲೀಸ್ ಕಚೇರಿಗೆ ನಾನೊಬ್ಬಳೇ ಹೋದೆ. ಅವರಿಗೆ ರಜೆ ಸಿಗಲಿಲ್ಲ; ಸಿಕ್ಕಿದ್ದರೂ ಬರುತ್ತಿರಲಿಲ್ಲ. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, "ಇದೆಲ್ಲ ಯಾಕಮ್ಮ ನಿಮಗೆ?" ಅಂದರು.

ಶಿರಸ್ತೇದಾರರ ಮಾತು ನೆನಪಾಯಿತು.

"ಕಾರಣ ಹೇಳ್ಬೇಕಾಗಿಲ್ಲ ಸಾರ್. ಕಾಯ್ದೆಯಲ್ಲೇ ಇದೆ," ಅಂದೆ.

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಸೀಲನ್ನು ಪ್ಯಾಡಿಗೆ ಒತ್ತಿ, ನಾನು ಹಿಡಿದಿದ್ದ ಎರಡನೆಯ ಪ್ರತಿಯ ಮೇಲೆ ಹಾಕಿ, ತಾರೀಕು ಬರೆದು ಕೊಟ್ಟರು. "ಓದ್ಕೊಂಡು ಬಂದಿದ್ದೀರಿ, ಸಂತೋಷ," ಅಂದರು. ವ್ಯಂಗ್ಯವೋ ನಿಜವೋ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದು ಎಳನೀರು ಕುಡಿದೆ. ಬೇಸಿಗೆಯಲ್ಲದಿದ್ದರೂ ಬಾಯಿ ಒಣಗಿ ಹೋಗಿತ್ತು. ಸೀಲು ಬಿದ್ದ ಆ ಪ್ರತಿಯನ್ನು ಬಸ್ಸಿನಲ್ಲಿ ನಾಲ್ಕು ಸಲ ತೆಗೆದು ನೋಡಿದೆ.

ಅಷ್ಟರಲ್ಲಿ ಬಸ್ ಚಾಲಕರ ಅರ್ಜಿಗೆ ಕೊನೆಯ ದಿನ ಮುಗಿದುಹೋಯಿತು. ಇವರು ಆ ಹಾಳೆಗಳನ್ನು ಗೋಡೆಗೂಡಿನಿಂದ ತೆಗೆಯಲೇ ಇಲ್ಲ.

ಇಪ್ಪತ್ತಾರನೆಯ ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ಆ ದಿನ ಯಜಮಾನರಿಗೆ ಎರಡನೆಯ ಪಾಳಿ, ಬೆಳಿಗ್ಗೆ ಮನೆಯಲ್ಲೇ ಇದ್ದರು. ನಾನು ಅಂಗಡಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಲಕೋಟೆಯನ್ನು ಅವರು ನನ್ನ ಕೈಗೆ ಕೊಟ್ಟು, ತಾವು ಬಾಗಿಲ ಕಡೆ ಮುಖ ಮಾಡಿ ನಿಂತರು.

ನಾನು ಓದಿದೆ. 1994ರಲ್ಲಿ ಇವರ ಮೇಲೆ ಯಾವುದೇ ಪ್ರಕರಣ ದಾಖಲಾಗಿಲ್ಲ. ಮುನ್ನೆಚ್ಚರಿಕೆ ಕ್ರಮವಾಗಿ ವಶಕ್ಕೆ ಪಡೆದು, ಶಾಂತಿ ಕಾಪಾಡುವ ಬಗ್ಗೆ ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆ. ಅವಧಿ ಮುಗಿದಿದೆ. ಕಡತವನ್ನು ನಿಯಮದಂತೆ ನಾಶಪಡಿಸಲಾಗಿದೆ.

"ನಾಶ ಅಂದ್ರೆ?" ಅಂದರು, ತಿರುಗದೆಯೇ.

"ಇಲ್ಲ ಅಂತ. ಆ ಕಾಗದವೇ ಇಲ್ಲ ಈಗ."

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ನಾನು ಕುಣಿಯುವುದೊಂದು ಬಾಕಿ. ಪಕ್ಕದ ಮನೆಯವರನ್ನು ಕೂಗಬೇಕು ಎನ್ನುವಷ್ಟರಲ್ಲಿ ಹಾಳೆಯ ಕೆಳಗೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಸದರಿ ಹೆಸರಿನ ವ್ಯಕ್ತಿಯ ಮೇಲೆ 1999ರಲ್ಲಿ ಹೊಡೆದಾಟದ ಒಂದು ಪ್ರಕರಣ ದಾಖಲಾಗಿರುತ್ತದೆ ಎಂದು ಬರೆದು, ಅದರ ಸಂಖ್ಯೆ ಕೊಟ್ಟು, ಠಾಣೆಯ ರಿಜಿಸ್ಟರಿನ ಒಂದು ಪುಟದ ಜೆರಾಕ್ಸ್ ಲಗತ್ತಿಸಿದ್ದರು.

ನಾನು ಹಾಳೆ ತಿರುಗಿಸುವುದನ್ನು ನೋಡಿ ಅವರು ಎದ್ದು ಬಂದು ತಾವೇ ಓದಿದರು.

"ನಾನು ಯಾರಿಗೂ ಹೊಡ್ದಿಲ್ಲ ಕಣೇ. ನಿನ್ನಾಣೆ. ಆವತ್ತು ಕೂತಿದ್ದು ಬಿಟ್ರೆ ನಾನು..."

"ಇರ್ರೀ," ಅಂದೆ. ಜೆರಾಕ್ಸ್ ಮಸುಕಾಗಿತ್ತು. ಬೆಳಕಿಗೆ ಹಿಡಿದೆ. ಹೆಸರು ಇವರದೇ, ನಮ್ಮ ಕಡೆ ಬೀದಿಗೆ ಮೂವರಿಗೆ ಇರುವಂಥ ಹೆಸರು. ಆದರೆ ತಂದೆಯ ಹೆಸರು ಬೇರೆ. ವಯಸ್ಸು ಇವರಿಗಿಂತ ಆರು ವರ್ಷ ಹೆಚ್ಚು. ಕಸುಬು, ಬಣ್ಣ ಬಳಿಯುವುದು. ವಿಳಾಸ ಮಾತ್ರ ರಾಜೀವನಗರ, ನಮ್ಮ ಮನೆಯಿಂದ ನಾಲ್ಕು ಅಡ್ಡರಸ್ತೆ ಆಚೆ.

"ಇದು ನೀವಲ್ಲ. ಬೇರೆ ಯಾರೋ."

"ಬೇರೆಯವರದ್ದು ನನ್ನ ಹೆಸರಿಗೆ ಯಾಕೆ ಬಂತು?"

"ಹೆಸರು ಒಂದೇ ಅಂತ ಹುಡುಕಿ ಕೊಟ್ಟಿದ್ದಾರೆ. ನಾಳೆ ಯಾವುದಾದ್ರೂ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಅಂದ್ರೂ ಹೀಗೇ ಕೊಡ್ತಾರೆ. ಈಗಲೇ ಸರಿ ಮಾಡಿಸ್ಬೇಕು. ಏಳಿ, ಠಾಣೆಗೆ ಹೋಗೋಣ."

ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಒಳಗೆ ಹೋಗಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದರು. ದಾರಿಯಲ್ಲಿ ನನ್ನ ಅಂಗಡಿಗೆ ಹೋಗಿ ಠಾಣೆಯ ಇನ್‌ಸ್ಪೆಕ್ಟರಿಗೆ ಒಂದು ಮನವಿ ಟೈಪ್ ಮಾಡಿದೆ. ಅದಕ್ಕೆ ಇವರ ಪಡಿತರ ಚೀಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಲೈಸೆನ್ಸಿನ ಜೆರಾಕ್ಸ್‌ಗಳನ್ನು ಪಿನ್ ಹೊಡೆದೆ. ಶಿರಸ್ತೇದಾರರು ಒಂದು ಸಲ ಕಣ್ಣಾಡಿಸಿ, "ಎರಡು ಕಾಪಿ ತಗೊಂಡು ಹೋಗು. ಒಂದಕ್ಕೆ ಸೀಲ್ ಹಾಕಿಸ್ಕೊಳ್ದೆ ಬರ್ಬೇಡ," ಅಂದರು.

ಠಾಣೆಯೊಳಗೆ ಕಾಲಿಟ್ಟದ್ದು ನಾನು ಅದೇ ಮೊದಲು. ಸಿನಿಮಾದಲ್ಲಿ ತೋರಿಸುವ ಹಾಗೇನೂ ಇರಲಿಲ್ಲ. ಒಂದು ಉದ್ದನೆಯ ಬೆಂಚು, ಸೈಕಲ್ ಕಳೆದುಕೊಂಡ ಒಬ್ಬ ಮೇಷ್ಟ್ರು, ಚಹಾ ಲೋಟಗಳು. ಗೋಡೆಯ ಮೇಲೆ ಬಂಧಿತರ ಹಕ್ಕುಗಳು ಎಂಬ ಹಲಗೆ ತೂಗುಹಾಕಿತ್ತು. ಅದರ ಎಡಭಾಗವನ್ನು ಕಬ್ಬಿಣದ ಬೀರು ಮರೆಮಾಡಿತ್ತು. ಕಾಣುತ್ತಿದ್ದ ಅರ್ಧರ್ಧ ಸಾಲುಗಳನ್ನು ನಾನು ಬಾಯಿಪಾಠದಿಂದ ಪೂರ್ತಿ ಮಾಡಿಕೊಂಡು ಓದಿದೆ. ಯಜಮಾನರು ಮೂಲೆಯ ಒಂದು ಬಾಗಿಲನ್ನೇ ನೋಡುತ್ತಿದ್ದರು. ಆವತ್ತು ಕೂರಿಸಿದ್ದು ಅಲ್ಲೇ ಎಂದು ಆಮೇಲೆ ಹೇಳಿದರು.

ಮೇಜಿನ ಹಿಂದೆ ಇದ್ದ ಹೆಡ್ ಕಾನ್‌ಸ್ಟೇಬಲ್ ವಯಸ್ಸಾದವರು.

"ಏನಮ್ಮ?"

"ನಮ್ಮ ಯಜಮಾನ್ರ ಹೆಸರು ನಿಮ್ಮ ರಿಜಿಸ್ಟರಲ್ಲಿ ತಪ್ಪಾಗಿ ಸೇರಿದೆ ಸಾರ್."

"ಯಜಮಾನ್ರ ಹೆಸರೇನು?"

ಮದುವೆಯಾದಾಗಿನಿಂದ ಅವರ ಹೆಸರನ್ನು ನೂರಾರು ಸಲ ಬರೆದಿದ್ದೇನೆ, ಟೈಪ್ ಮಾಡಿದ್ದೇನೆ. ಬಾಯಲ್ಲಿ ಹೇಳಿರಲಿಲ್ಲ. ನಮ್ಮ ಅತ್ತೆ, ನಮ್ಮಮ್ಮ ಯಾರೂ ಗಂಡನ ಹೆಸರು ಹೇಳಿದವರಲ್ಲ. ಪಕ್ಕದಲ್ಲೇ ನಿಂತಿದ್ದ ಅವರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಹೇಳಿದೆ, ತಂದೆಯ ಹೆಸರಿನ ಸಮೇತ, ಇಡೀ ಠಾಣೆಗೆ ಕೇಳುವ ಹಾಗೆ. ಸೈಕಲ್ ಕಳೆದುಕೊಂಡ ಮೇಷ್ಟ್ರು ತಿರುಗಿ ನೋಡಿದರು. ಇವರು ನನ್ನನ್ನು ನೋಡಿದ ನೋಟವನ್ನು ಹೇಗೆಂದು ಬರೆಯಲಿ.

ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರ್ ತರಿಸಿದರು. ಮೂಲೆಗಳು ಮಡಿಸಿಕೊಂಡಿದ್ದ, ಹಸಿರು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಇಷ್ಟು ವರ್ಷ ನಮ್ಮ ಮನೆಯನ್ನು ಹೆದರಿಸಿದ್ದು ಇದೇ. ಪುಟ ತಿರುಗಿಸಿ ಬೆರಳಿಟ್ಟರು.

"ತಂದೆ ಹೆಸರು ಬೇರೆ ಇದೆ," ಅಂದರು.

"ಹೌದು ಸಾರ್."

"ವಯಸ್ಸೂ ಬೇರೆ."

"ಹೌದು."

"ಎಡ ಮೊಣಕೈ ಮೇಲೆ ಗಾಯದ ಗುರುತು ಅಂತಿದೆ. ತೋರ್ಸಿ ಸ್ವಾಮಿ."

ಇವರು ಇಸ್ತ್ರಿ ಶರಟಿನ ತೋಳನ್ನು ಎರಡೂ ಕಡೆ ಮೇಲಕ್ಕೆ ಮಡಿಸಿ ತೋರಿಸಿದರು. ಗಾಯವಿಲ್ಲ, ಗುರುತಿಲ್ಲ. ಬರೀ ಕೈ.

"ಇದು ನೀವಲ್ಲ," ಅಂದರು ಹೆಡ್ ಕಾನ್‌ಸ್ಟೇಬಲ್, ಇದರಲ್ಲಿ ದೊಡ್ಡ ವಿಷಯವೇನಿದೆ ಎನ್ನುವ ಧಾಟಿಯಲ್ಲಿ. "ಹೆಸರೊಂದನ್ನೇ ನೋಡ್ಬುಟ್ಟು ಉತ್ತರ ಕಳ್ಸಿದ್ದಾರೆ. ಅರ್ಜಿ ತಂದಿದ್ದೀರಾ?"

ನಾನು ಪಿನ್ ಹೊಡೆದ ಕಟ್ಟನ್ನು ಅವರ ಮುಂದಿಟ್ಟೆ. ಅವರು ಇನ್‌ಸ್ಪೆಕ್ಟರ ಕೋಣೆಗೆ ತೆಗೆದುಕೊಂಡು ಹೋದರು. ಹತ್ತು ನಿಮಿಷದಲ್ಲಿ ನಮ್ಮನ್ನೂ ಕರೆದರು. ಇನ್‌ಸ್ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಎದುರಿನ ಕುರ್ಚಿ ತೋರಿಸಿ ಕೂರಲು ಹೇಳಿದರು. ಇವರು ಕೂರಲಿಲ್ಲ. ಇನ್ನೊಂದು ಸಲ "ಕೂತ್ಕೊಳ್ಳಿ" ಅಂದ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು. ಇನ್‌ಸ್ಪೆಕ್ಟರ್ ದಾಖಲೆಗಳನ್ನು ಒಂದೊಂದಾಗಿ ನೋಡಿ, ರಿಜಿಸ್ಟರಿನ ಆ ಪುಟದ ಅಂಚಿನಲ್ಲಿ ಏನೋ ಬರೆದು ಸಹಿ ಮಾಡಿದರು. ಈ ಅರ್ಜಿದಾರರಿಗೂ ಸದರಿ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಒಂದು ಹಿಂಬರಹ ಕೊಡುವುದಾಗಿ ಹೇಳಿದರು. ನಾಲ್ಕನೆಯ ದಿನ ಅದು ಕೈಗೆ ಬಂತು, ಸೀಲಿನ ಸಮೇತ.

ಠಾಣೆಯ ಮೆಟ್ಟಿಲಿಳಿದು ಬೀದಿಗೆ ಬಂದಾಗ ಯಜಮಾನರು, "ಕಾಫಿ ಕುಡಿಯೋಣ್ವಾ?" ಅಂದರು. ಠಾಣೆಯ ಎದುರಿಗೇ ಇದ್ದ ಹೋಟೆಲು ಅದು. ಇಬ್ಬರೂ ಬೀದಿಗೆ ಮುಖ ಮಾಡಿ ಕೂತು ಮಸಾಲೆ ದೋಸೆ ತಿಂದೆವು. ಅವರು ಎರಡು ತಿಂದರು. ಆವತ್ತು ಪಾಳಿಗೆ ತಡವಾಗಿ ಹೋಗಿ ಬೈಸಿಕೊಂಡರಂತೆ, ಹೇಳುವಾಗ ನಗುತ್ತಿದ್ದರು.

ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆದರೆ ನನಗೆ ಸುಮ್ಮನಿರಲು ಆಗಲಿಲ್ಲ. ಜೆರಾಕ್ಸ್ ಪುಟದಲ್ಲಿದ್ದ ಪ್ರಕರಣದ ಸಂಖ್ಯೆಯನ್ನು ಶಿರಸ್ತೇದಾರರಿಗೆ ತೋರಿಸಿದೆ. ಅವರು ತಮ್ಮ ಹಳೆಯ ಪರಿಚಯದ ಮೇಲೆ ಕೋರ್ಟಿನ ರಿಜಿಸ್ಟರ್ ನೋಡಿಸಿಕೊಂಡು ಬಂದರು.

"2002ರಲ್ಲೇ ಖುಲಾಸೆ ಆಗಿದೆ ಕಣಮ್ಮ. ಸಾಕ್ಷಿಗಳೇ ಬಂದಿಲ್ಲ. ಆದ್ರೆ ಠಾಣೆ ಪುಸ್ತಕದಲ್ಲಿ ಖುಲಾಸೆ ಅಂತ ಯಾರೂ ಬರ್ದೇ ಇಲ್ಲ."

ಅಂದರೆ ಆ ಬಣ್ಣ ಬಳಿಯುವವರು ನಾಲ್ಕು ವರ್ಷದಿಂದ ನಿರಪರಾಧಿ, ಆದರೆ ಪುಸ್ತಕದಲ್ಲಿ ಇನ್ನೂ ಆರೋಪಿ. ಅವರಿಗೆ ಇದು ಗೊತ್ತೋ ಇಲ್ಲವೋ.

ಮನೆಯಲ್ಲಿ ಹೇಳಿದಾಗ, ಊರಿನವರ ಉಸಾಬರಿ ನಮಗ್ಯಾಕೆ ಎನ್ನುತ್ತಾರೆ ಎಂದು ಕಾದಿದ್ದೆ. ಯಜಮಾನರು "ಯಾವ ಅಡ್ಡರಸ್ತೆ ಅಂದೆ?" ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಅವರೇ ಮುಂದಾಗಿ ಹೊರಟರು.

ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದೆ ಬಣ್ಣದ ಡಬ್ಬಗಳು, ಗೋಡೆಗೆ ಒರಗಿಸಿದ ಏಣಿ. ಒಬ್ಬ ಹೆಂಗಸು ಹೊರಗೆ ಬಂದರು. ಯಜಮಾನರು ತಮ್ಮದೇ ಹೆಸರು ಹೇಳಿ, "ಅವರಿದ್ದಾರಾ?" ಎಂದು ಕೇಳಿದರು. ಜೊತೆಗೆ, "ಠಾಣೆ ಕೇಸಿನ ವಿಷಯ," ಎಂದೂ ಸೇರಿಸಿಬಿಟ್ಟರು. ಆ ಹೆಂಗಸಿನ ಮುಖ ಬಾಡಿತು.

"ಅವ್ರು ಇಲ್ಲ. ಊರಿಗೆ ಹೋಗವ್ರೆ," ಅಂದರು. ಅವರ ಬೆನ್ನ ಹಿಂದೆಯೇ ಅರೆಬಾಗಿಲಿನಲ್ಲಿ ಒಬ್ಬರು ನಿಂತಿದ್ದು ಕಾಣುತ್ತಿತ್ತು. ಎಡ ಮೊಣಕೈ ಮೇಲೆ ಉದ್ದನೆಯ ಗಾಯದ ಗುರುತು.

"ಅಕ್ಕ, ನಾವು ಪೊಲೀಸ್ರಲ್ಲ," ಅಂದೆ. "ಇವರ ಹೆಸರೂ ಅದೇ. ನಿಮ್ಮವರ ಕೇಸು ಇವರ ತಲೆಗೆ ಬಂದಿತ್ತು. ಅದನ್ನ ಹೇಳೋಣ ಅಂತ ಬಂದ್ವಿ."

ಬಾಗಿಲು ಪೂರ್ತಿ ತೆರೆಯಿತು. ಒಂದೇ ಹೆಸರಿನ ಇಬ್ಬರೂ ಒಂದೇ ಮಂಚದ ಮೇಲೆ ಕೂತರು. ಒಬ್ಬರನ್ನೊಬ್ಬರು ನೋಡಿಕೊಳ್ಳಲು ಇಬ್ಬರಿಗೂ ನಾಚಿಕೆ. ಬಣ್ಣದವರ ಕತೆ ನಿಧಾನವಾಗಿ ಹೊರಬಂತು. ನಲ್ಲಿ ನೀರಿನ ಜಗಳದಲ್ಲಿ ಬೀದಿಯವರೆಲ್ಲ ಕೈ ಕೈ ಮಿಲಾಯಿಸಿದ್ದು, ಬಿಂದಿಗೆಯ ಅಂಚು ತಗುಲಿ ಅವರಿಗೇ ಗಾಯವಾಗಿದ್ದು, ಆಮೇಲೆ ಅವರ ಮೇಲೇ ಕೇಸಾಗಿದ್ದು.

"ಜಡ್ಜ್ ಸಾಹೇಬ್ರು ಹೋಗಪ್ಪ ಅಂದ್ಬುಟ್ರು. ಅಷ್ಟೇ ಗೊತ್ತು ನಂಗೆ," ಅಂದರು. "ಆದ್ರೂ ಹಬ್ಬ ಬಂದ್ರೆ ಪೊಲೀಸ್ರು ಮನೆತಾವ ಬಂದು ಎಲ್ಲಿದ್ದೀಯ, ಏನ್ ಮಾಡ್ತಿದ್ದೀಯ ಅಂತ ಕೇಳ್ತಾರೆ. ಹೆಬ್ಬಾಳದಾಗೆ ದೊಡ್ಡ ಕಂಪ್ನಿ ಬಿಲ್ಡಿಂಗಿಗೆ ಬಣ್ಣ ಬಳಿಯೋ ಕೆಲ್ಸ ಸಿಕ್ಕಿತ್ತು. ಕೇಸಿದೆ ಅಂತ ಗೇಟ್ ಪಾಸ್ ಕೊಡ್ಲಿಲ್ಲ."

"ನೀವು ಖುಲಾಸೆ ಆಗಿದ್ದೀರ," ಅಂದೆ. "ತೀರ್ಪಿನ ನಕಲು ತಗೊಂಡು ಠಾಣೆಗೆ ಕೊಟ್ರೆ ಪುಸ್ತಕದಲ್ಲಿ ಬರೀಲೇಬೇಕು."

"ನನಗೆ ಕೊಡ್ತಾರಾ ಅದನ್ನ?"

ಅದಕ್ಕೆ ನಾನು ಉತ್ತರ ಹೇಳುವ ಮೊದಲೇ ನನ್ನ ಯಜಮಾನರು ಬಾಯಿ ಹಾಕಿದರು. "ಕೊಡ್ಲೇಬೇಕು ಅಣ್ಣ. ನಿಮ್ದೇ ಕೇಸು, ನಿಮ್ದೇ ತೀರ್ಪು. ಒಂದು ನಕಲು ಅರ್ಜಿ ಹಾಕ್ಬೇಕು, ಸೀಲ್ ಹಾಕಿಸ್ಕೋಬೇಕು, ಅಷ್ಟೇ. ಹೆದರ್ಕೋಬೇಡಿ. ನಾನು ಜೊತೆಗೆ ಬರ್ತೀನಿ." ಒಂದು ತಿಂಗಳ ಹಿಂದೆ ಠಾಣೆಯ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದ ಮನುಷ್ಯ! ಆ ಮನೆಯ ಹೆಂಗಸು ಕೊಟ್ಟ ಚಹಾ ಲೋಟ ನನ್ನ ಕೈಯಲ್ಲಿ ಆರಿಹೋಯಿತು. ಕುಡಿಯುವುದನ್ನೇ ಮರೆತು ಅವರ ಮಾತು ಕೇಳುತ್ತಿದ್ದೆ.

ಮೂರು ತಿಂಗಳಿಗೆ ಅದೇ ಕಂಪನಿ ಮತ್ತೆ ಚಾಲಕರನ್ನು ಕರೆಯಿತು. ಆ ಕಲಮಿನಲ್ಲಿ ಏನು ಬರೆಯುವುದೆಂದು ಶಿರಸ್ತೇದಾರರನ್ನು ಕೇಳಿದ್ದಕ್ಕೆ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ ಎಂದರು. 1994ರಲ್ಲಿ ಮುನ್ನೆಚ್ಚರಿಕೆಯಾಗಿ ವಶಕ್ಕೆ ಪಡೆದಿದ್ದರು, ಯಾವ ಪ್ರಕರಣವೂ ದಾಖಲಾಗಿಲ್ಲ, ಪೊಲೀಸ್ ಇಲಾಖೆಯ ಉತ್ತರ ಲಗತ್ತಿಸಿದೆ ಎಂದು ಇವರು ತಮ್ಮ ಗುಂಡು ಅಕ್ಷರದಲ್ಲೇ ಬರೆದರು. ಜಾಗ ಸಾಲದೆ ಪಕ್ಕದ ಅಂಚಿಗೂ ಬರೆಯಬೇಕಾಯಿತು. ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದರಂತೆ. ಹೇಳಿದರಂತೆ. ಮುಂದಿನ ಪ್ರಶ್ನೆ ಗೇರ್‌ಬಾಕ್ಸಿನ ಬಗ್ಗೆ. ಪೊಲೀಸ್ ವೆರಿಫಿಕೇಶನ್ ತಕರಾರಿಲ್ಲದೆ ಬಂತು. ನಲವತ್ತೆರಡು ಸೀಟಿನ ಬಸ್ಸನ್ನು ಮೊದಲ ದಿನ ವಿಜಯನಗರದ ಕಡೆಯಿಂದ ಓಡಿಸಿದ್ದನ್ನು ಅವರು ನನಗೆ ಇಡೀ ವಾರ ಹೇಳಿದರು. ಸರ್ಕಾರಿ ಬಸ್ಸಿನ ಕೆಲಸಕ್ಕೆ ಮಾತ್ರ ವಯಸ್ಸು ಮೀರಿತ್ತು. ಅದನ್ನು ಯಾವ ಅರ್ಜಿಯೂ ತಂದುಕೊಡಲಿಲ್ಲ. ಈಗಲೂ ಕೆಂಪು ಬಸ್ಸು ಪಕ್ಕದಲ್ಲಿ ಹಾದುಹೋದರೆ ಅವರು ಒಂದು ಕ್ಷಣ ಮಾತು ನಿಲ್ಲಿಸುವುದುಂಟು.

ಈ ನೇಮಕಕ್ಕೆ ಮೊದಲೇ ಬಣ್ಣದವರ ತೀರ್ಪಿನ ನಕಲು ಸಿದ್ಧವಾಗಿತ್ತು. ಅದನ್ನು ತರಲು ಇಬ್ಬರೂ ಒಟ್ಟಿಗೆ ಕೋರ್ಟಿಗೆ ಬಂದಿದ್ದರು. ನಾನು ಅಂಗಡಿ ಬಿಟ್ಟು ಓಡಿಹೋದೆ. ನಕಲು ವಿಭಾಗದ ಕಿಟಕಿಯಲ್ಲಿ ಗುಮಾಸ್ತರು ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೆ, "ಬಂದೆ ಸಾರ್," ಎಂದು ಎದ್ದುನಿಂತರು. ಗುಮಾಸ್ತರು ಗಾಬರಿಯಿಂದ ತಂದೆಯ ಹೆಸರನ್ನೂ ಸೇರಿಸಿ ಕೂಗಿದ ಮೇಲೆ ನನ್ನ ಯಜಮಾನರು ನಗುತ್ತಾ ಕೂತರು.

ಬಣ್ಣದವರಿಗೆ ಓದು ಅಷ್ಟಾಗಿ ಬಾರದು. ಕೋರ್ಟಿನ ಮೆಟ್ಟಿಲ ಮೇಲೆ ಕೂತು ನಾನೇ ಐದು ಪುಟದ ತೀರ್ಪನ್ನು ಓದಿ ಹೇಳಿದೆ. ಆರೋಪ ಸಾಬೀತಾಗಿಲ್ಲವಾದ್ದರಿಂದ ಆರೋಪಿಯನ್ನು ದೋಷಮುಕ್ತಗೊಳಿಸಲಾಗಿದೆ ಎಂಬ ಸಾಲು ಬಂದಾಗ ಅವರು ಬೆರಳು ಎತ್ತಿ ತಡೆದರು.

"ಅದನ್ನ ಇನ್ನೊಂದ್ಸಲ ಓದಿ ತಾಯಿ."

ಓದಿದೆ. ಮೂರನೆಯ ಸಲವೂ ಓದಿಸಿಕೊಂಡರು. ಆಮೇಲೆ ಆ ಸಾಲು ಎಲ್ಲಿದೆ ಎಂದು ಕೇಳಿ, ಬಣ್ಣ ಹತ್ತಿದ ಹೆಬ್ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಹಾಳೆಗೆ ತಾಗಿಯೂ ತಾಗದ ಹಾಗೆ ಅದರ ಮೇಲಿಟ್ಟರು. ಮೂವರೂ ಅಲ್ಲಿಂದ ನೇರ ಠಾಣೆಗೆ ನಡೆದೆವು.